ಒಪ್ಪತ್ತಿನ ಹಿಂದಿನ ಹಸಿವು

“ಪಿಸಿಓಡಿ ಐತಂತ. ತೂಕ ಇಳಸಬೇಕಂತ.” ವಿಜಯಪುರದ ದವಾಖಾನೆಯಲ್ಲಿ ತೋರಿಸಿಕೊಂಡು ತಿಕೋಟಾಕ್ಕೋ ಬಬಲೇಶ್ವರಕ್ಕೋ ಬಸ್ಸು ಹತ್ತುವ ಹುಡುಗಿ ಮನೆಗೆ ಒಯ್ಯುವುದು ಬಹುತೇಕ ಈ ಎರಡೇ ಮಾತು. ಮರುದಿನದಿಂದ ತಾಟಿನಲ್ಲಿ ಎರಡು ರೊಟ್ಟಿಯ ಬದಲು ಒಂದು. ಸೋಮವಾರದ ಒಪ್ಪತ್ತಿಗೆ ಗುರುವಾರ, ಶುಕ್ರವಾರವೂ ಸೇರುತ್ತವೆ. ದೇವರ ಹೆಸರಿನ ಉಪವಾಸವನ್ನು ಮನೆಯಲ್ಲಿ ಯಾರು ಪ್ರಶ್ನಿಸುತ್ತಾರೆ? ಆದರೆ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಡಬ್ಬಿ ತೆರೆಯುತ್ತದೆ. ಶೇಂಗಾ ಹೋಳಿಗೆ, ಚೂಡಾ, ಉಳಿದ ಅನ್ನ, ರುಚಿಯೂ ತಿಳಿಯದಷ್ಟು ಗಡಿಬಿಡಿಯಲ್ಲಿ, ಸಾಕೆನಿಸಿದರೂ ಕೈ ನಿಲ್ಲದೆ. ಬೆಳಿಗ್ಗೆ ನಾಚಿಕೆ, ಮತ್ತೆ ಉಪವಾಸ.

ಇದು ಬಾಯಿಚಪಲವಲ್ಲ. ಹತೋಟಿ ತಪ್ಪಿದ ಇಂಥ ತಿನ್ನುವಿಕೆ ವಾರಕ್ಕೊಮ್ಮೆಯಾದರೂ ಮೂರು ತಿಂಗಳು ನಡೆದರೆ ಅದು ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಇದನ್ನು ಬಿಂಜ್ ಈಟಿಂಗ್ ಎಂಬ ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿಗೆ ಸೇರಿಸಿತು. ತಿಂದದ್ದನ್ನು ಸರಿದೂಗಿಸಲು ವಾಂತಿ ಮಾಡಿಕೊಳ್ಳುವುದು, ಉಪವಾಸ ಮಾಡುವುದು ಜೊತೆಗೂಡಿದರೆ ಬುಲಿಮಿಯಾ. ಪಿಸಿಓಎಸ್, ಅಂದರೆ ಜನ ಪಿಸಿಓಡಿ ಎನ್ನುವ ಹಾರ್ಮೋನಿನ ತೊಂದರೆ, ಇರುವ ಹೆಣ್ಣುಮಕ್ಕಳಲ್ಲಿ ಇವೆರಡೂ ಉಳಿದವರಿಗಿಂತ ಹೆಚ್ಚು.

ಯಾಕೆ? ಪಿಸಿಓಎಸ್ ಇರುವ ಬಹಳ ಮಂದಿಯಲ್ಲಿ ಇನ್ಸುಲಿನ್ನಿನ ಮಾತನ್ನು ಸ್ನಾಯುಗಳು ಸರಿಯಾಗಿ ಕೇಳುವುದಿಲ್ಲ. ಮೇದೋಜ್ಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅಂಡಾಶಯಕ್ಕೆ ಮಾತ್ರ ಅದು ಚೆನ್ನಾಗಿಯೇ ಕೇಳಿಸುತ್ತದೆ. ಅಲ್ಲಿ ಟೆಸ್ಟೋಸ್ಟೆರಾನ್‌ನಂಥ ಪುರುಷ ಹಾರ್ಮೋನುಗಳು ಹೆಚ್ಚುತ್ತವೆ. ಅವನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಕಡಿಮೆ ಮಾಡುತ್ತದೆ. ಅಂಡ ಪಕ್ವವಾಗದೆ ಮುಟ್ಟು ಮುಂದೆ ಹೋಗುತ್ತದೆ; ಗದ್ದದ ಮೇಲೆ ಕೂದಲು, ಮುಖದ ತುಂಬ ಮೊಡವೆ. “ನೀರಗುಳ್ಳಿ” ಎಂದು ಹೆದರಿಸುವವು ನಿಜಕ್ಕೂ ಗಡ್ಡೆಗಳಲ್ಲ, ಅರ್ಧಕ್ಕೇ ಬೆಳವಣಿಗೆ ನಿಂತ, ಅಂಡವಿರುವ ಕಿರುಚೀಲಗಳು. ಇಷ್ಟರ ಮೇಲೆ ವರ ನೋಡಲು ಬಂದವರ ಕಣ್ಣು, ಓಣಿಯವರ “ಎಷ್ಟ ದಪ್ಪ ಆಗೀಯಲ್ಲ” ಎಂಬ ಮಾತು. ಮನಸ್ಸು ನೊಂದು ಊಟ ಬಿಟ್ಟಷ್ಟೂ ಹಸಿವು ಕೆರಳುತ್ತದೆ. ರಾತ್ರಿಯ ಆ ಡಬ್ಬಿಗೆ ಅವಳ ಛಲದ ಕೊರತೆ ಕಾರಣವಲ್ಲ.

ಇನ್ನೊಂದು ಅಪಾಯ ನನ್ನನ್ನು ಹೆಚ್ಚು ಕಾಡುತ್ತದೆ. ತೀರ ಕಡಿಮೆ ಉಂಡರೂ ಮುಟ್ಟು ನಿಲ್ಲುತ್ತದೆ. ದೇಹಕ್ಕೆ ಶಕ್ತಿ ಸಾಲದೆಂದು ತಿಳಿದ ಮೆದುಳು ಅಂಡಾಶಯಕ್ಕೆ ಕಳಿಸುವ ಸಂಕೇತವನ್ನೇ ತಗ್ಗಿಸುತ್ತದೆ. ಅಂಥವರ ಸ್ಕ್ಯಾನಿನಲ್ಲೂ ಹಲವೊಮ್ಮೆ ಅದೇ ಗುಳ್ಳೆಗಳು ಕಾಣುತ್ತವೆ. ಸ್ಕ್ಯಾನ್ ಒಂದನ್ನೇ ನಂಬಿ ಪಿಸಿಓಎಸ್ ಎಂದು ಬರೆದು, ಉಪವಾಸದಿಂದಲೇ ಮುಟ್ಟು ನಿಂತವಳಿಗೆ “ಊಟ ಕಡಿಮೆ ಮಾಡು” ಎಂದರೆ ಗತಿಯೇನು?

ಮೊನಾಶ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೀಗೆ ಎಚ್ಚರಿಸುತ್ತದೆ: ತೂಕ ಎಷ್ಟೇ ಇರಲಿ, ಪಿಸಿಓಎಸ್ ಇದ್ದವರಲ್ಲಿ ಊಟದ ತೊಂದರೆಯ ಸಾಧ್ಯತೆಯನ್ನು ಗಮನಿಸಬೇಕು. ತೂಕದ ಯಂತ್ರ ಹತ್ತಿಸುವ ಮುನ್ನ “ಯವ್ವಾ, ದಿನಾ ಹೆಂಗ ಉಣ್ತೀ? ತಿನ್ನೂದು ನಿನ್ನ ಕೈ ಮೀರಿ ಹೋಗತೈತೇನು?” ಎಂದು ಕೇಳಲು ವೈದ್ಯರಿಗೆ ಎರಡು ನಿಮಿಷ ಸಾಕು. ಅಮ್ಮ ಪಕ್ಕದಲ್ಲಿ ಕೂತಿದ್ದರೆ ಉತ್ತರ ಬರಲಿಕ್ಕಿಲ್ಲ. ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಂಥ ಕಡೆ, ಮನೆಯಿಂದ ದೂರವಿದ್ದು ಓದುವ ಹುಡುಗಿಯರ ನಡುವೆ, ಈ ಮಾತು ಇನ್ನೂ ಸಲೀಸಾದೀತು.

ಪಿಸಿಓಎಸ್‌ಗೆಂದೇ ವಿಶೇಷ ಪಥ್ಯವಿಲ್ಲ, ಇಂಥ ಆಹಾರವೇ ಮೇಲೆಂದು ಹೇಳಲು ಆಧಾರವಿಲ್ಲ ಎನ್ನುತ್ತದೆ ಅದೇ ಮಾರ್ಗಸೂಚಿ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಮೊಸರು ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಲಿ. ಮುಟ್ಟಿಗೆ ಸ್ತ್ರೀರೋಗ ತಜ್ಞರಿರುವಂತೆ, ಹತೋಟಿ ತಪ್ಪಿದ ಊಟಕ್ಕೆ ಮನೋವೈದ್ಯರ ಮಾತಿನ ಚಿಕಿತ್ಸೆ ಇದೆ. ಊರಲ್ಲಿ ಹೇಳಿಕೊಳ್ಳಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.