ಮನೆಗೆ ಬಡ್ಜಿ ಬರುವ ಮುನ್ನ...

ಮಗಳ ಎಂಟನೇ ಹುಟ್ಟುಹಬ್ಬ. 'ಅಮ್ಮಾ, ನಂಗೆ ಲವ್ ಬರ್ಡ್ಸ್ ಬೇಕು' ಅಂತ ಹದಿನೈದು ದಿನದಿಂದ ಹಟ. ಕೊನೆಗೆ ರಸ್ತೆ ಬದಿಯ ಒಂದು ಅಂಗಡಿಯಿಂದ ಹಸಿರು ಬಣ್ಣದ ಪುಟ್ಟ ಹಕ್ಕಿಯೊಂದನ್ನು ತಂದೆವು. ಬಟ್ಟಲಿನ ತುಂಬ ಕಾಳು ಹಾಕಿದೆ, ನೀರಿಟ್ಟೆ. ಎರಡನೇ ದಿನ ನೋಡಿದರೂ ಬಟ್ಟಲು ತುಂಬಿಯೇ ಇತ್ತು, ಮೂರನೇ ದಿನವೂ ತುಂಬಿತ್ತು. 'ಪಾಪ, ಹೊಸ ಜಾಗ, ಸ್ವಲ್ಪ ಸ್ವಲ್ಪ ತಿನ್ನುತ್ತೆ' ಅಂದುಕೊಂಡೆ. ಐದನೇ ದಿನ ಬೆಳಿಗ್ಗೆ ಹಕ್ಕಿ ಪಂಜರದ ತಳದಲ್ಲಿ ಬಿದ್ದಿತ್ತು.

ಪರಿಚಯದ ಪಶುವೈದ್ಯರು ಬಟ್ಟಲನ್ನು ಕೈಗೆತ್ತಿಕೊಂಡು ಮೆಲ್ಲಗೆ ಊದಿದರು. ಮೇಲಿದ್ದದ್ದೆಲ್ಲ ಹಾರಿಹೋಯಿತು. 'ಮೇಡಂ, ಇದು ಕಾಳಲ್ಲ, ಹೊಟ್ಟು. ಹಕ್ಕಿ ಕಾಳು ಬಿಡಿಸಿ ತಿಂದು ಸಿಪ್ಪೆಯನ್ನ ಬಟ್ಟಲಲ್ಲೇ ಉದುರಿಸುತ್ತೆ. ಈ ಮರಿಗೆ ಸರಿಯಾಗಿ ಕಾಳು ಬಿಡಿಸೋಕೂ ಬರ್ತಿರಲಿಲ್ಲ ಅನಿಸುತ್ತೆ' ಅಂದರು. ಮೊರದಲ್ಲಿ ಅಕ್ಕಿ ಕೇರುತ್ತಾ ಬೆಳೆದವಳು ನಾನು, ಕಾಳಿಗೂ ಹೊಟ್ಟಿಗೂ ವ್ಯತ್ಯಾಸ ಕಾಣಲಿಲ್ಲವಲ್ಲ ಎಂದು ಅತ್ತುಬಿಟ್ಟೆ. ಮಗಳು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆರು ತಿಂಗಳ ನಂತರ ಮತ್ತೊಂದು ಹಕ್ಕಿ ತಂದೆವು. ಈ ಸಲ ಓದಿ, ಕೇಳಿ, ನೋಡಿ ತಂದೆವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಹಟ ಶುರುವಾಗಿದ್ದರೆ, ಪಂಜರ ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ.

ಇದು ಲವ್ ಬರ್ಡ್ ಅಲ್ಲ!

ನಮ್ಮಲ್ಲಿ 'ಲವ್ ಬರ್ಡ್ಸ್' ಅಂತ ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ಬಡ್ಜರಿಗಾರ್. ಮುದ್ದಾಗಿ ಬಡ್ಜಿ. (ನಮ್ಮ ಯಜಮಾನರು 'ಬಡ್ಜಿ ತರೋಣ' ಅಂದದ್ದನ್ನು ಕೇಳಿಸಿಕೊಂಡು, ಸಂಜೆಗೆ ಬಜ್ಜಿಯಾ ಅಂತ ಖುಷಿಪಟ್ಟಿದ್ದರು!) ನಿಜವಾದ ಲವ್ ಬರ್ಡ್ ಆಫ್ರಿಕಾ ಮೂಲದ್ದು. ಅದು ದಪ್ಪ, ಬಾಲ ಮೋಟು. ಬಡ್ಜಿ ಆಸ್ಟ್ರೇಲಿಯಾದ ಒಣ ಹುಲ್ಲುಗಾವಲಿನ ಹಕ್ಕಿ. ಉದ್ದ ಸುಮಾರು 18 ಸೆಂ.ಮೀ., ತೂಕ 30ರಿಂದ 40 ಗ್ರಾಂ. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಂದಿನಿಂದ ಮನೆಮನೆಯಲ್ಲಿ ಸಾಕುತ್ತಾ ಬಂದದ್ದರಿಂದ ಇವತ್ತು ನೀಲಿ, ಹಳದಿ, ಬಿಳಿ, ಬೂದು ಎಲ್ಲ ಬಣ್ಣಗಳೂ ಸಿಗುತ್ತವೆ. ಕಾಡಿನಲ್ಲಿರುವ ಮೂಲ ಬಣ್ಣ ಮಾತ್ರ ಹಸಿರು-ಹಳದಿ.

'ಅದರ ಬದಲು ನಮ್ಮ ಗಿಳಿಯನ್ನೇ ಸಾಕಬಹುದಲ್ವಾ?' ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ನಮ್ಮ ತೋಟದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಪಂಜರದಲ್ಲೇ ಹುಟ್ಟಿ ಬೆಳೆಯುವ ಬಡ್ಜಿಗೆ ಆ ತೊಂದರೆ ಇಲ್ಲ.

ಬ್ರೀಡರ್ ಮನೆಗೇ ಹೋಗಿ

ಒಂದೇ ಪಂಜರದಲ್ಲಿ ಐವತ್ತು ಹಕ್ಕಿ ತುಂಬಿಟ್ಟ ಕಡೆ ಯಾವ ಹಕ್ಕಿ ಎಲ್ಲಿಂದ ಬಂತು, ಎಷ್ಟು ದಿನದ್ದು ಅಂತ ಮಾರುವವರಿಗೇ ಗೊತ್ತಿರುವುದಿಲ್ಲ. ಒಂದಕ್ಕೆ ರೋಗವಿದ್ದರೆ ಎಲ್ಲಕ್ಕೂ ಅಂಟುತ್ತದೆ. ಆದ್ದರಿಂದ ತಾವೇ ಮರಿ ಮಾಡಿಸಿ ಬೆಳೆಸುವ ಬ್ರೀಡರ್‌ಗಳಲ್ಲಿಗೆ ಹೋಗಿ. ತಾರಸಿಯ ಮೇಲೋ, ಹಿತ್ತಲಲ್ಲೋ ಗೂಡು ಕಟ್ಟಿ ಹವ್ಯಾಸಕ್ಕೆಂದು ಬೆಳೆಸುವವರು ಊರೂರಲ್ಲೂ ಇದ್ದಾರೆ. ನಿಮ್ಮ ಪಶುವೈದ್ಯರನ್ನು ಕೇಳಿದರೆ ಗೊತ್ತಾಗುತ್ತದೆ.

ಹೋದ ಕೂಡಲೇ ಮೂಗಿನ ನೆರವು ಪಡೆಯಿರಿ. ಕೆಟ್ಟ ವಾಸನೆ ಬಂದರೆ, ನೀರಿನ ಬಟ್ಟಲಲ್ಲಿ ಪಾಚಿ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಎಲ್ಲ ಚೊಕ್ಕಟವಾಗಿದ್ದರೆ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ:

* ಮರಿ ಮೊಟ್ಟೆಯಿಂದ ಹೊರಬಂದು ಎಷ್ಟು ವಾರವಾಯ್ತು? ಸುಮಾರು ಐದು ವಾರಕ್ಕೆ ಮರಿ ಗೂಡು ಬಿಡುತ್ತದೆ. ಆದರೆ ತಾನೇ ಕಾಳು ಬಿಡಿಸಿ ತಿನ್ನಲು ಇನ್ನೂ ಕೆಲವು ದಿನ ಬೇಕು. ಎಂಟು ವಾರ ತುಂಬಿದ ಮರಿಯನ್ನೇ ತನ್ನಿ.

* ಅದು ತಾನಾಗಿ ತಿನ್ನುವುದನ್ನು ನಾನು ನೋಡಬಹುದಾ? ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮೆದುರೇ ಕಾಳು ಬಿಡಿಸಿ ನುಂಗಬೇಕು.

* ಅಪ್ಪ-ಅಮ್ಮ ಹಕ್ಕಿಗಳನ್ನು ತೋರಿಸ್ತೀರಾ? ಒಳ್ಳೆಯ ಬ್ರೀಡರ್ ಹೆಮ್ಮೆಯಿಂದ ತೋರಿಸುತ್ತಾರೆ.

* ಈಗ ಏನು ಕಾಳು ಕೊಡ್ತಿದ್ದೀರಿ? ಅದೇ ಕಾಳನ್ನು ಅರ್ಧ ಕೆ.ಜಿ. ಕೇಳಿ ತನ್ನಿ. ಮನೆ, ಊಟ ಎರಡೂ ಒಂದೇ ದಿನ ಬದಲಾಗಬಾರದು.

ಕೆಲವು ಬ್ರೀಡರ್‌ಗಳು ಮರಿಯ ಕಾಲಿಗೆ ಹುಟ್ಟಿದ ವರ್ಷ ಬರೆದ ಪುಟ್ಟ ರಿಂಗ್ ತೊಡಿಸಿರುತ್ತಾರೆ. ಬಿಡಿಸಲಾಗದ ಈ ರಿಂಗನ್ನು ಮರಿ ಕೆಲವೇ ದಿನದ್ದಿರುವಾಗ ಹಾಕಬೇಕು. ಹಾಗಾಗಿ ವಯಸ್ಸಿನ ಬಗ್ಗೆ ಅದಕ್ಕಿಂತ ಸಾಕ್ಷಿ ಬೇಡ. ರಿಂಗ್ ಇಲ್ಲದಿದ್ದರೆ ಹಣೆ ನೋಡಿ. ಹೆಚ್ಚಿನ ಬಣ್ಣದ ಮರಿಗಳಲ್ಲಿ ಕಪ್ಪು ಗೆರೆಗಳು ಕೊಕ್ಕಿನ ತನಕವೂ ಇರುತ್ತವೆ. ಮೂರು-ನಾಲ್ಕು ತಿಂಗಳಿಗೆ ಮೊದಲ ಬಾರಿ ಗರಿ ಉದುರಿದಾಗ ಹಣೆ ತಿಳಿಯಾಗುತ್ತದೆ. ಎಳೆಯ ಹಕ್ಕಿ ಬೇಗ ಪಳಗುತ್ತದೆ.

ಗಂಡೋ ಹೆಣ್ಣೋ? ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆಯ ಸುತ್ತ ಮೆತ್ತನೆಯ ಪಟ್ಟಿಯಿರುತ್ತದೆ. ದೊಡ್ಡ ಗಂಡಿಗೆ ಅದು ನೀಲಿ, ಹೆಣ್ಣಿಗೆ ಕಂದು ಅಥವಾ ಬಿಳಿಚು. ಅಚ್ಚ ಹಳದಿ, ಅಚ್ಚ ಬಿಳಿ ಗಂಡುಗಳಲ್ಲಿ ಮಾತ್ರ ಗುಲಾಬಿಯಾಗಿಯೇ ಉಳಿಯಬಹುದು. ಮಾತು ಕಲಿಯುವುದರಲ್ಲಿ ಗಂಡು ಮುಂದು. ಅಮೆರಿಕದ ಪಕ್ ಎಂಬ ಗಂಡು ಬಡ್ಜಿ 1,728 ಪದ ಕಲಿತು ಗಿನ್ನೆಸ್ ದಾಖಲೆ ಸೇರಿತ್ತು. ಹಾಗಂತ ನಿಮ್ಮದೂ ಮಾತಾಡಲೇಬೇಕು ಅಂತ ಹಟ ಬೇಡ. ಎಲ್ಲ ಮಕ್ಕಳೂ ಫಸ್ಟ್ ರ‍್ಯಾಂಕ್ ಬರ್ತಾರಾ?

ಹತ್ತು ನಿಮಿಷ ದೂರ ನಿಲ್ಲಿ

ಹಕ್ಕಿಗಳಿಗೆ ಒಂದು ಗುಣವಿದೆ. ಕಾಯಿಲೆಯಿದ್ದರೂ ತೋರಿಸಿಕೊಳ್ಳುವುದಿಲ್ಲ. ಕಾಡಿನಲ್ಲಿ ನಿಶ್ಶಕ್ತ ಹಕ್ಕಿಯನ್ನೇ ಶತ್ರು ಮೊದಲು ಹಿಡಿಯುವುದು. ಹಾಗಾಗಿ ಮನುಷ್ಯರು ಹತ್ತಿರ ಬಂದ ಕೂಡಲೇ ನೆಟ್ಟಗೆ ಕೂತುಬಿಡುತ್ತವೆ. ನೀವು ಹತ್ತು ನಿಮಿಷ ದೂರ ನಿಂತು ನೋಡಿ. ಮೈ ಉಬ್ಬಿಸಿಕೊಂಡು ಹಗಲಲ್ಲೇ ತೂಕಡಿಸುವುದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು, ಬಾಲದ ಕೆಳಗೆ ಗರಿ ಅಂಟಿಕೊಂಡಿರುವುದು, ಕೊಕ್ಕಿನ ಸುತ್ತ ಸುಣ್ಣ ಹಚ್ಚಿದಂಥ ಬಿಳಿ ಪೊರೆ - ಇವುಗಳಲ್ಲಿ ಒಂದು ಕಂಡರೂ ಬೇಡ. 'ಅಯ್ಯೋ ಪಾಪ' ಅಂತ ತಂದರೆ ಆಮೇಲೆ ಅಳುವವರು ಮಕ್ಕಳು.

ಪಂಜರ ಹೇಗಿರಲಿ?

ಹಕ್ಕಿಗಿಂತ ಪಂಜರದ ಬೆಲೆಯೇ ಹೆಚ್ಚು, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಗೋಪುರದಂಥ ಎತ್ತರದ ಪಂಜರ ನೋಡಲು ಚೆಂದ, ಆದರೆ ಬಡ್ಜಿ ಹೆಲಿಕಾಪ್ಟರ್ ಥರ ಮೇಲಕ್ಕೆ ಏರುವುದಿಲ್ಲ, ಅಡ್ಡಡ್ಡ ಹಾರುತ್ತದೆ. ಉದ್ದ ಎರಡು ಅಡಿಗಿಂತ ಕಡಿಮೆ ಬೇಡ. ಸರಳುಗಳ ನಡುವಿನ ಅಂತರ ಅರ್ಧ ಇಂಚು ಮೀರಿದರೆ ತಲೆ ಸಿಕ್ಕಿಕೊಳ್ಳಬಹುದು. ಪ್ಲಾಸ್ಟಿಕ್ ಕೋಲಿನ ಬದಲು ಔಷಧ ಸಿಂಪಡಿಸದ ಸೀಬೆ ಅಥವಾ ಬೇವಿನ ಕೊಂಬೆಗಳನ್ನು ತೊಳೆದು, ಒಣಗಿಸಿ ಕಟ್ಟಿ. ದಪ್ಪ ಸಣ್ಣ ಬೆರೆತಿದ್ದರೆ ಪಾದಕ್ಕೆ ಒಳ್ಳೆಯದು.

ಎಲ್ಲರೂ ಮಾಡುವ ತಪ್ಪೆಂದರೆ ಪಂಜರದೊಳಗೆ ಮಡಕೆ ಕಟ್ಟುವುದು. ಬಡ್ಜಿಗೆ ಮಲಗಲು ಮಡಕೆ ಬೇಡ. ಅದು ಮೊಟ್ಟೆಯಿಡಲು ಮಾತ್ರ. ಮಡಕೆ ಕಂಡರೆ ಹೆಣ್ಣು ಒಂದಾದ ಮೇಲೊಂದು ಮೊಟ್ಟೆಯಿಟ್ಟು ಸೊರಗುತ್ತದೆ. ಕೆಲವೊಮ್ಮೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣವೇ ಹೋಗುತ್ತದೆ.

ಪಂಜರ ಹಾಲ್‌ನಲ್ಲಿ, ಒಂದು ಕಡೆ ಗೋಡೆ ಇರುವಂತೆ, ನಿಮ್ಮ ಕಣ್ಣಿನ ಮಟ್ಟದಲ್ಲಿರಲಿ. ಬೆಂಗಳೂರಿನವರು ಡಿಸೆಂಬರ್‌ನ ಥಂಡಿ ಗಾಳಿ ತಾಗದಂತೆ ನೋಡಿಕೊಳ್ಳಿ. ಬಳ್ಳಾರಿ, ಕಲಬುರಗಿ ಕಡೆಯವರು ಏಪ್ರಿಲ್-ಮೇ ಬಿಸಿಲಿನ ಬಗ್ಗೆ ಎಚ್ಚರ ವಹಿಸಿ. ಹಕ್ಕಿ ಬಾಯಿ ತೆರೆದು ರೆಕ್ಕೆ ಅಗಲಿಸಿಕೊಂಡು ಕೂತರೆ ಸೆಕೆ ತಡೆಯಲಾಗುತ್ತಿಲ್ಲ ಅಂತ ಅರ್ಥ. ರಾತ್ರಿ ಹತ್ತು-ಹನ್ನೆರಡು ಗಂಟೆ ಕತ್ತಲು, ಸದ್ದಿಲ್ಲದ ನಿದ್ದೆ ಬೇಕು. ಹನ್ನೊಂದರವರೆಗೂ ಧಾರಾವಾಹಿ ನೋಡುವ ಮನೆಯಾದರೆ ಪಂಜರವನ್ನು ಬೇರೆ ಕೋಣೆಗೆ ಸಾಗಿಸಿ.

ಊಟದ ಮೆನು

ನವಣೆ, ಸಾಮೆ, ಬರಗು, ಸಜ್ಜೆ - ನಮ್ಮ ಅಜ್ಜಿಯಂದಿರ ಸಿರಿಧಾನ್ಯಗಳೇ ಬಡ್ಜಿಗೂ ಪ್ರಿಯ. ಆದರೆ ಅಂಗಡಿಯಲ್ಲಿ ನಮಗಾಗಿ ಮಾರುವ 'ನವಣೆ ಅಕ್ಕಿ' ಸಿಪ್ಪೆ ತೆಗೆದದ್ದು. ಹಕ್ಕಿಗೆ ಸಿಪ್ಪೆ ಸಹಿತ ಕಾಳು ಬೇಕು. ಒಂದು ಹಕ್ಕಿಗೆ ದಿನಕ್ಕೆ ಒಂದೂವರೆಯಿಂದ ಎರಡು ಟೀ ಚಮಚ ಸಾಕು. ದಿನಾ ಬೆಳಿಗ್ಗೆ ಬಟ್ಟಲು ಹೊರತೆಗೆದು ಹೊಟ್ಟು ಊದಿ, ಉಳಿದದ್ದನ್ನು ನೋಡಿ, ಹೊಸ ಕಾಳು ಹಾಕಿ. ನನಗೆ ಒಂದು ಜೀವ ಹೋದ ಮೇಲೆ ಬಂದ ಬುದ್ಧಿ ಇದು.

ಬರೀ ಕಾಳು ತಿಂದರೆ ಕೊಬ್ಬು ಬೆಳೆದು, ಎ ಜೀವಸತ್ವದ ಕೊರತೆಯಾಗುತ್ತದೆ. ಕೊತ್ತಂಬರಿ ಸೊಪ್ಪು, ಪಾಲಕ್, ತುರಿದ ಕ್ಯಾರೆಟ್ ಚೆನ್ನಾಗಿ ತೊಳೆದು ಕೊಡಿ. ಎರಡು ಗಂಟೆಯ ಮೇಲೆ ಉಳಿದರೆ ತೆಗೆದುಬಿಡಿ. ಸುಣ್ಣದ ಅಂಶಕ್ಕೆ ಅಂಗಡಿಯಲ್ಲಿ ಸಿಗುವ ಕಟಲ್ ಬೋನ್ ಸಿಕ್ಕಿಸಿ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ-ಟೀ, ಈರುಳ್ಳಿ, ಉಪ್ಪು ಹಾಕಿದ ಕುರುಕಲು ತಿಂಡಿ, ಸೇಬಿನ ಬೀಜ ಕೊಡಲೇಬೇಡಿ. ಬೆಣ್ಣೆಹಣ್ಣಂತೂ ವಿಷ.

ಅಡುಗೆ ಮನೆಯೇ ಶತ್ರು!

ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ನಾನ್‌ಸ್ಟಿಕ್ ತವಾವನ್ನು ಒಲೆಯ ಮೇಲಿಟ್ಟು ಫೋನ್ ಮಾತಾಡಲು ಹೋದಿರಿ ಅನ್ನಿ. ಖಾಲಿ ತವಾ ಅತಿಯಾಗಿ ಕಾದರೆ ಅದರ ಲೇಪನದಿಂದ ಹೊರಡುವ ಅನಿಲ ನಮಗೆ ಗೊತ್ತೇ ಆಗದಿರಬಹುದು, ಆದರೆ ಹಕ್ಕಿ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಹಕ್ಕಿಯ ಶ್ವಾಸಾಂಗ ಅಷ್ಟು ಸೂಕ್ಷ್ಮ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷಾನಿಲ ಪತ್ತೆಗೆ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ. ಹಕ್ಕಿ ಇರುವ ಮನೆಯಲ್ಲಿ ದೋಸೆಗೆ ಕಬ್ಬಿಣದ ಕಾವಲಿಯೇ ಸರಿ. ಸೊಳ್ಳೆ ಬತ್ತಿ, ಅಗರಬತ್ತಿ, ಜಿರಳೆ ಸ್ಪ್ರೇ, ರೂಂ ಫ್ರೆಶ್ನರ್, ಒಗ್ಗರಣೆಯ ಘಾಟು ಎಲ್ಲದರಿಂದಲೂ ದೂರವಿರಲಿ. ದೀಪಾವಳಿಯ ಮೂರು ದಿನ ಒಳಕೋಣೆಯಲ್ಲಿಡಿ.

ಇನ್ನೊಂದು ಅಪಾಯ ಸೀಲಿಂಗ್ ಫ್ಯಾನ್. ಹಾರಾಡಲೆಂದು ಹೊರಬಿಡುವ ಮುನ್ನ ಫ್ಯಾನ್ ಆಫ್, ಕಿಟಕಿ ಬಂದ್, ಕರ್ಟನ್ ಎಳೆದು, ನೀರಿನ ಬಕೆಟ್ ಮುಚ್ಚಿ. ಮಕ್ಕಳಿಗೆ ಈ ನಾಲ್ಕನ್ನೂ ಬಾಯಿಪಾಠ ಮಾಡಿಸಿ.

ಸ್ನೇಹ ಬೆಳೆಯಲಿ

ತರುವಾಗ ತೂತು ಮಾಡಿದ ಪುಟ್ಟ ಡಬ್ಬದಲ್ಲಿ, ಮಡಿಲಲ್ಲಿಟ್ಟುಕೊಂಡು ನೇರ ಮನೆಗೆ ಬನ್ನಿ. ಮೊದಲ ಮೂರು ದಿನ ನೆಂಟರು, ಅಕ್ಕಪಕ್ಕದ ಮಕ್ಕಳು ಯಾರೂ ಮುತ್ತಿಕೊಳ್ಳದಿರಲಿ. ವಾರದ ನಂತರ ಕೈಯಲ್ಲಿ ನವಣೆ ತೆನೆ ಹಿಡಿದು ಪಂಜರದೊಳಗೆ ಸುಮ್ಮನೆ ಇಟ್ಟುಕೊಳ್ಳಿ. ನಮ್ಮ ಚಿಂಟು ಬೆರಳ ಮೇಲೆ ಕೂರಲು ಇಪ್ಪತ್ತಮೂರು ದಿನ ತೆಗೆದುಕೊಂಡ. ಬಡ್ಜಿ ಗುಂಪಿನ ಹಕ್ಕಿ. ಹಗಲೆಲ್ಲ ಮನೆ ಖಾಲಿಯಿದ್ದರೆ ಒಂದೇ ಹಕ್ಕಿ ಬೇಡ, ಜೋಡಿ ತನ್ನಿ. ಆಮೇಲೆ ಇನ್ನೊಂದು ತಂದರೆ, ಒಂದು ತಿಂಗಳು ಬೇರೆ ಪಂಜರ, ಬೇರೆ ಕೋಣೆಯಲ್ಲಿಡಿ.

ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಗರಿ ಮುಚ್ಚಿಟ್ಟದ್ದನ್ನು ತಕ್ಕಡಿ ಹೇಳುತ್ತದೆ. ಮೂರು-ನಾಲ್ಕು ಗ್ರಾಂ ಇಳಿದರೂ ವೈದ್ಯರ ಬಳಿ ಹೋಗಿ, 'ನಾಳೆ ನೋಡೋಣ' ಬೇಡ. ಹಕ್ಕಿ ನೋಡುವ ವೈದ್ಯರು ಎಲ್ಲಿದ್ದಾರೆ ಅಂತ ಹಕ್ಕಿ ತರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಹಿಕ್ಕೆಯ ಧೂಳಿನಿಂದ ಅಪರೂಪಕ್ಕೆ ಮನುಷ್ಯರಿಗೂ ಗಿಳಿಜ್ವರ ಬರಬಹುದು. ಟ್ರೇಯ ಕಾಗದವನ್ನು ಸ್ವಲ್ಪ ಒದ್ದೆ ಮಾಡಿಯೇ ತೆಗೆಯಿರಿ, ಕೈ ತೊಳೆಯಿರಿ. ಗರ್ಭಿಣಿಯರು, ಆಸ್ತಮಾ ಇರುವವರು ಆ ಕೆಲಸ ಬೇರೆಯವರಿಗೆ ಬಿಡಿ.

ಕೊನೆಗೊಂದು ಮಾತು

ಹಟ ಮಕ್ಕಳದ್ದು, ಕೆಲಸ ನಮ್ಮದು - ಇದು ಎಲ್ಲ ಮನೆಯ ಕಥೆ. ದಿನಕ್ಕೆ ಅರ್ಧ ಗಂಟೆ ಬೇಕೇ ಬೇಕು. ಬೇಸಿಗೆ ರಜೆಗೆ ತವರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಚೆನ್ನಾಗಿ ಸಾಕಿದರೆ ಬಡ್ಜಿ ಐದರಿಂದ ಹತ್ತು ವರ್ಷ ಬದುಕುತ್ತದೆ. ಎಂಟು ವರ್ಷದ ಮಗಳು ಪಿಯುಸಿಗೆ ಬರುವ ತನಕ! 'ಸಾಕಾಯ್ತು' ಅಂತ ಹೊರಗೆ ಹಾರಿಬಿಡುವುದು ಪುಣ್ಯವಲ್ಲ. ಇಲ್ಲಿ ಆಹಾರ ಹುಡುಕಲು ಬಾರದ ಆ ಹಕ್ಕಿ ಕಾಗೆ, ಹದ್ದುಗಳ ಪಾಲಾಗುತ್ತದೆ.

ಇಷ್ಟೆಲ್ಲ ಆಗದು ಅನಿಸಿದರೆ ತಪ್ಪೇನಿಲ್ಲ. ಬಾಲ್ಕನಿಯಲ್ಲಿ ಒಂದು ಮಣ್ಣಿನ ಬಟ್ಟಲಲ್ಲಿ ನೀರಿಡಿ. ಬಂದುಹೋಗುವ ಹಕ್ಕಿಗಳನ್ನು ಮಕ್ಕಳಿಗೆ ತೋರಿಸಿ. ಆಗುತ್ತದೆ ಅನಿಸಿದರೆ ಮಾತ್ರ ಬ್ರೀಡರ್ ಮನೆಯ ದಾರಿ ಹಿಡಿಯಿರಿ.

ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆ ಬಟ್ಟಲಿನ ಹೊಟ್ಟು ಊದುವ ಕೆಲಸ ಮಗಳದ್ದು. ಒಂದು ದಿನವೂ ಮರೆತಿಲ್ಲ.

ನೆನಪಿರಲಿ

* ಬಟ್ಟಲು ತುಂಬಿದಂತೆ ಕಂಡರೂ ಊದಿ ನೋಡಿ.
* ಎಂಟು ವಾರ ತುಂಬದ ಮರಿ ಬೇಡ.
* ಹಕ್ಕಿಯಿರುವ ಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆ ಬೇಡ.
* ಹೊರಬಿಡುವ ಮುನ್ನ ಫ್ಯಾನ್ ಆಫ್ ಮಾಡಿ.
* ಮರಿ ಬೇಡವೆಂದರೆ ಮಡಕೆ ಕಟ್ಟಬೇಡಿ.
* ಮೈ ಉಬ್ಬಿಸಿ ಕೂತರೆ ಅಂದೇ ವೈದ್ಯರಿಗೆ ತೋರಿಸಿ.