ನಿಸರ್ಗಾಸಕ್ತರ ಸಂಘ: ಇತಿಹಾಸದ ಒಂದು ಆಕರ

1883ನೆಯ ಇಸವಿಯ ಸೆಪ್ಟೆಂಬರ್ 15ರಂದು ಮುಂಬಯಿಯಲ್ಲಿ ಎಂಟು ಮಂದಿ ನಿಸರ್ಗಾಸಕ್ತರು ಕಲೆತು ಸಂಘವೊಂದನ್ನು ಸ್ಥಾಪಿಸಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂಬುದು ಇದೇ. ಆ ಎಂಟು ಮಂದಿಯಲ್ಲಿ ಡಾ. ಆತ್ಮಾರಾಮ ಪಾಂಡುರಂಗ, ಡಾ. ಸಖಾರಾಮ ಅರ್ಜುನ ಎಂಬಿಬ್ಬರು ಭಾರತೀಯ ವೈದ್ಯರಿದ್ದುದು ಗಮನಾರ್ಹವಾದುದು.

ಸಂಘದ ಕಾರ್ಯಕ್ರಮ ಸರಳವಾದುದು: ತಿಂಗಳಿಗೊಮ್ಮೆ ಕೂಡುವುದು, ತಂದ ಮಾದರಿಗಳನ್ನು ಪ್ರದರ್ಶಿಸುವುದು, ಕಂಡುದನ್ನು ಪರಸ್ಪರ ತಿಳಿಸುವುದು. ಆಡಿದ ಮಾತು ಸಭೆಯೊಡನೆಯೇ ಮುಗಿಯುತ್ತದೆ. 1886ರಲ್ಲಿ ಆರಂಭವಾದ ಪತ್ರಿಕೆಯು ಅದಕ್ಕೆ ಸ್ಥಿರತೆಯನ್ನಿತ್ತಿತು. ದೂರದ ಜಿಲ್ಲೆಗಳಲ್ಲಿದ್ದವರಿಗೂ ಇದರಿಂದ ಸಂಘದ ಕಾರ್ಯದಲ್ಲಿ ಪಾಲು ದೊರೆಯಿತು.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಸೇವೆ ಸಲ್ಲಿಸಿದ ಡೇವಿಡ್‌ಸನ್, ಅರಣ್ಯಾಧಿಕಾರಿ ಬೆಲ್, ಸುಂಕದ ಇಲಾಖೆಯ ಏಟ್ಕನ್ ಇವರು ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬರೆದ ಲೇಖನಮಾಲೆ 1896ರಿಂದ ಈ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಟ್ಟೆಗಳನ್ನು ಹಿಡಿದು ಹೆಸರಿಸಿದಷ್ಟಕ್ಕೆ ಅವರು ತೃಪ್ತರಾಗಲಿಲ್ಲ; ಮರಿಹುಳುಗಳನ್ನು ಸಾಕಿ, ಅವು ಯಾವ ಗಿಡದ ಎಲೆಯನ್ನು ತಿನ್ನುವುವೆಂಬುದನ್ನೂ ದಾಖಲಿಸಿದರು.

ಇತಿಹಾಸದ ವಿದ್ಯಾರ್ಥಿಗೆ ಇದರಿಂದೇನು ಪ್ರಯೋಜನ? ಗಿಡದ ಹೆಸರು ದೊರೆತಲ್ಲಿ ಅಂದಿನ ಕಾಡಿನ ಸ್ವರೂಪವೂ ಅಷ್ಟಿಷ್ಟು ದೊರೆಯುತ್ತದೆ. ಆದರೆ ಈ ಆಕರಕ್ಕೂ ಮಿತಿಯುಂಟು. ಬರೆದವರು ಅಧಿಕಾರಿಗಳು, ಕಾಡನ್ನು ಬಲ್ಲ ಸ್ಥಳೀಯರ ಹೆಸರುಗಳು ಇಂಥ ಬರೆಹಗಳಲ್ಲಿ ವಿರಳ.

ನಮ್ಮ ಕಾಲೇಜುಗಳ ನಿಸರ್ಗ ಸಂಘಗಳು ಈ ಕೊರತೆಯನ್ನು ತುಂಬಬಲ್ಲವು. ಕಂಡ ಸ್ಥಳ, ಕಂಡ ದಿನ, ತೋರಿಸಿಕೊಟ್ಟವರ ಹೆಸರು—ಈ ಮೂರನ್ನೂ ತಪ್ಪದೆ ಬರೆದಿಟ್ಟರೆ, ಇಂದಿನ ಟಿಪ್ಪಣಿಯೇ ನಾಳಿನ ಇತಿಹಾಸಕಾರನಿಗೆ ಆಧಾರವಾದೀತು.