ಹದಮಳೆಯೂ ಮಿಲಿಮೀಟರೂ



ಮಳೆಯ ಮಾತಿನಲ್ಲಿ ಕನ್ನಡಿಗರಿಗೆ ಬಡತನವಿಲ್ಲ. ತುಂತುರು, ಸೋನೆ, ಜಡಿಮಳೆ, ಬಿರುಮಳೆ – ಒಂದೊಂದು ಹೆಸರೂ ನೀರು ಬೀಳುವ ಬಗೆಯನ್ನು ಕಣ್ಣಿಗೆ ಕಟ್ಟಿಕೊಡುತ್ತದೆ. ಅಶ್ವಿನಿಯಿಂದ ಮೊದಲ್ಗೊಂಡು ಒಂದೊಂದು ನಕ್ಷತ್ರದ ಮಳೆಗೂ ಒಂದೊಂದು ಸ್ವಭಾವವನ್ನು ಗುರುತಿಸಿ, ಅದಕ್ಕೆ ತಕ್ಕ ಗಾದೆಯನ್ನು ಕಟ್ಟಿದವರು ನಮ್ಮ ಹಿರಿಯರು. ಆದರೆ ಈ ಶಬ್ದಸಂಪತ್ತೆಲ್ಲ ಮಳೆ ಹೇಗೆ ಬಂತು, ಯಾವಾಗ ಬಂತು ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಬಂತು ಎಂಬುದನ್ನಲ್ಲ. ಆ ಪ್ರಶ್ನೆಗೆ ತುಸು ಹತ್ತಿರ ಬರುವ ಮಾತು ‘ಹದಮಳೆ’. ಬೆರಳಿನಿಂದ ಮಣ್ಣನ್ನು ಬಗೆದು, ತೇವ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಿ, ನೇಗಿಲು ಹೂಡಬಹುದೆ ಬೇಡವೆ ಎಂದು ರೈತ ತೀರ್ಮಾನಿಸುತ್ತಾನೆ. ಇದೂ ಒಂದು ಅಳತೆಯೇ. ಆದರೆ ಹದಕ್ಕೆ ನೆನಪಿಲ್ಲ. ಇಂದಿನ ತೇವವನ್ನು ಅದು ಬಲ್ಲದು. ಕಳೆದ ಹದಿನೈದು ದಿನಗಳ ಒಟ್ಟು ಲೆಕ್ಕವನ್ನಾಗಲಿ, ಬಿದ್ದ ನೀರಿನಲ್ಲಿ ಎಷ್ಟು ಪಾಲು ಹರಿದುಹೋಯಿತೆಂಬುದನ್ನಾಗಲಿ ಅದು ಹೇಳಲಾರದು.

ಈ ವಿಚಾರ ನನ್ನ ತಲೆಗೆ ಹತ್ತಿದ್ದು ಹುಣಸೂರು ಸೀಮೆಯಲ್ಲಿ ಬೇಸಾಯ ಮಾಡುವ ನನ್ನ ತಮ್ಮನ ಮಗನಿಂದ. “ದೊಡ್ಡಪ್ಪ, ತೋಟಕ್ಕೆ ಒಂದು ಸ್ವಯಂಚಾಲಿತ ಮಳೆಮಾಪಕ ತರೋಣ ಅಂತಿದ್ದೀನಿ. ಹತ್ತಾರು ಬಗೆ ಇವೆ, ಯಾವುದು ತರಲಿ?” ಎಂದು ಅವನು ಕೇಳಿದ. ಕನ್ನಡ ಎಂ.ಎ. ಓದಿದವನನ್ನು ಕೇಳುವ ಪ್ರಶ್ನೆಯೆ ಇದು ಎಂದು ನೀವು ನಗಬಹುದು. ಆದರೂ ಕೇಳಿದವನಿಗೆ ಉತ್ತರ ಕೊಡಬೇಕಲ್ಲ! ತಿಳಿದವರನ್ನು ವಿಚಾರಿಸಿ, ಓದಿ, ನನಗೆ ಮನವರಿಕೆಯಾದುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಆ ನೆಲವನ್ನು ನೋಡೋಣ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಕೊಡಗು–ಕೇರಳಗಳ ಮಲೆಗೂ ಮೈಸೂರಿನ ಬಯಲಿಗೂ ನಡುವೆ ಹಾಸಿಕೊಂಡಿವೆ. ಕೃಷ್ಣರಾಜನಗರ ಇನ್ನಷ್ಟು ಬಯಲ ಕಡೆಗಿದೆ. ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆಲ್ಲ ಮುಂಗಾರಿನ ಮಳೆ ತೆಳುವಾಗುತ್ತದೆ. ಕಾವೇರಿಯ ನಾಲೆಗಳಿರುವ ಕೃಷ್ಣರಾಜನಗರದಲ್ಲಿ ಬತ್ತ ಬೆಳೆಯುವವರು ಆಕಾಶವನ್ನಷ್ಟೇ ನಂಬಿ ಕೂರಬೇಕಾಗಿಲ್ಲ. ಆದರೆ ಹುಣಸೂರು–ಪಿರಿಯಾಪಟ್ಟಣಗಳ ಹೊಗೆಸೊಪ್ಪು, ಕೋಟೆಯ ಹತ್ತಿ, ಎಲ್ಲ ಕಡೆಯ ರಾಗಿ – ಇವು ಬಹುಮಟ್ಟಿಗೆ ಮಳೆಯಾಶ್ರಯದ ಬೆಳೆಗಳು.

ಈ ನೆಲಕ್ಕೆ ಎರಡು ಬಗೆಯ ಮಳೆ ಬರುತ್ತದೆ. ಮೇ ತಿಂಗಳಿನಲ್ಲಿ, ಭರಣಿ–ಕೃತ್ತಿಕೆಗಳಲ್ಲಿ, ಗುಡುಗುಮಳೆ; ಅದು ಈ ಹೊಲದಲ್ಲಿ ಸುರಿದು ಪಕ್ಕದ ಊರನ್ನು ಒಣಗಲು ಬಿಡುತ್ತದೆ. ಜೂನಿನಿಂದ ಆಗಸ್ಟಿನವರೆಗೆ ಮಲೆಯ ಕಡೆಯಿಂದ ತೇಲಿಬರುವ ಸೋನೆ. ದಿನವಿಡೀ ಜಿನುಗಿದರೂ ಅಳೆದರೆ ಕೆಲವೇ ಮಿಲಿಮೀಟರು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೆ ಗುಡುಗು. ಹೊಗೆಸೊಪ್ಪಿನ ಸಸಿ ನಾಟಿಯಾಗುವುದು ಮೊದಲ ಮಳೆಗಳ ಭರವಸೆಯ ಮೇಲೆ. ನಾಟಿಯ ತರುವಾಯ ಬಾನು ಕೈಕೊಟ್ಟರೆ ಸಸಿ ಸತ್ತು ಮತ್ತೆ ನೆಡಬೇಕು. ಶುಂಠಿಯ ಪಾತಿಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಮೇಲುಗೊಬ್ಬರ ಎರಚಿದ ಸಂಜೆ ಬಿರುಮಳೆ ಹೊಡೆದರೆ ಗೊಬ್ಬರದ ಹಣ ಹಳ್ಳಕ್ಕೆ. ಇಷ್ಟೆಲ್ಲ ಆ ‘ಎಷ್ಟು’ ಎಂಬ ಪ್ರಶ್ನೆಗೆ ತಗುಲಿಕೊಂಡಿದೆ.

ಮಳೆಯನ್ನು ಅಳೆಯುವ ಬಯಕೆ ನಮಗೆ ಹೊಸದಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಕೋಷ್ಠಾಗಾರದಲ್ಲಿ, ಎಂದರೆ ಉಗ್ರಾಣದಲ್ಲಿ, ಒಂದು ಮೊಳ ಬಾಯಗಲದ ಪಾತ್ರೆಯನ್ನು ಮಳೆ ಅಳೆಯಲು ಇಡಬೇಕೆಂದು ವಿಧಿಸುತ್ತದೆ. ವರಾಹಮಿಹಿರನ ‘ಬೃಹತ್ಸಂಹಿತೆ’ಯೂ ಒಂದು ಹಸ್ತ ಅಗಲದ ದುಂಡು ಪಾತ್ರೆಯನ್ನೂ ನೀರಿನ ಅಳತೆಗೆ ಆಢಕ, ದ್ರೋಣಗಳನ್ನೂ ಹೇಳುತ್ತದೆ. ದೂರದ ಕೊರಿಯದಲ್ಲಿ ಸೆಜೊಂಗ್ ದೊರೆಯ ಕಾಲಕ್ಕೆ, 1441ರಲ್ಲಿ, ಮಳೆಯಳೆಯುವ ಪಾತ್ರೆಗಳು ಬಳಕೆಗೆ ಬಂದವು. ಕಂದಾಯವನ್ನೂ ಕಾಳನ್ನೂ ಲೆಕ್ಕ ಹಾಕಬೇಕಾದ ಪ್ರತಿಯೊಂದು ರಾಜ್ಯವೂ ಒಂದಲ್ಲ ಒಂದು ದಿನ ಈ ಪಾತ್ರೆಯ ಬಳಿಗೆ ಬಂದಿದೆ.

ಇಂದಿನ ಸಾದಾ ಮಳೆಮಾಪಕವೂ ಅದರ ವಂಶದ್ದೇ: ಮೇಲೆ ಆಲಿಕೆ, ಒಳಗೆ ಸೀಸೆ, ಪಕ್ಕದಲ್ಲಿ ಗೆರೆಯಿಟ್ಟ ಗಾಜಿನ ಅಳತೆಗೊಳವೆ. ಬೆಳಗ್ಗೆ ಎಂಟೂವರೆಗೆ ಅಳೆದು ಬರೆದಿಡುವುದು ಭಾರತದ ಹವಾಮಾನ ಇಲಾಖೆಯ ಪದ್ಧತಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರು ನೆಲಕ್ಕೆ ಒಂದು ಲೀಟರು. ಒಂದು ಎಕರೆಗೆ ಸುಮಾರು 4,047 ಲೀಟರು. ಇಪ್ಪತ್ತು ಮಿಲಿಮೀಟರ್ ಬಿದ್ದರೆ ಎಕರೆಗೆ ಎಂಬತ್ತು ಸಾವಿರ ಲೀಟರು ನೀರು ಬಿಟ್ಟಿಯಾಗಿ ಬಂದಂತೆ!

ಹಾಗಾದರೆ ಸ್ವಯಂಚಾಲಿತ ಯಂತ್ರವೇಕೆ? ಬೆಳಗ್ಗೆ ಎದ್ದು ಅಳೆಯುವ ಶ್ರಮ ಉಳಿಯಲೆಂದೆ? ಅಷ್ಟಕ್ಕೇ ಆದರೆ ಹಣ ಹಾಕಬೇಕಾಗಿಲ್ಲ. ಯಂತ್ರವು ಕೊಡುವ ನಿಜವಾದ ಕೊಡುಗೆ ಕಾಲದ ಲೆಕ್ಕ. ರಾತ್ರಿಯಿಡೀ ನಿಧಾನವಾಗಿ ಬಿದ್ದ 40 ಮಿಲಿಮೀಟರಿಗೂ ಅರ್ಧ ಗಂಟೆಯಲ್ಲಿ ಅಪ್ಪಳಿಸಿದ 40 ಮಿಲಿಮೀಟರಿಗೂ ಸೀಸೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹೊಲದಲ್ಲಿ ಮಾತ್ರ ಮೊದಲನೆಯದು ಬೇರಿಗೆ ಇಳಿಯುತ್ತದೆ, ಎರಡನೆಯದು ಮೇಲ್ಮಣ್ಣನ್ನೂ ಕರೆದುಕೊಂಡು ಲಕ್ಷ್ಮಣತೀರ್ಥದ ಕಡೆಗೆ ಹರಿಯುತ್ತದೆ. ಈ ಭೇದವನ್ನು ತಿಳಿಯಬೇಕಾದವನಿಗೆ ಯಂತ್ರ ಬೇಕು. ಬೇಡವಾದವನಿಗೆ ಸೀಸೆ ಸಾಕು. ಯಾವುದನ್ನು ಕೊಳ್ಳಬೇಕೆಂಬ ವಿಚಾರ ಇಲ್ಲಿಂದಲೇ ಹೊರಡಬೇಕು.

ಹೊಲಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಮಗುಚುವ ಬಟ್ಟಲಿನ ಮಾಪಕ. ಅಂಗಡಿಯವರು ‘ಟಿಪ್ಪಿಂಗ್ ಬಕೆಟ್’ ಎನ್ನುತ್ತಾರೆ. ಇದರ ಮೂಲಕಲ್ಪನೆ ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕ್ರಿಸ್ಟೊಫರ್ ರೆನ್ನನದು. ಆಲಿಕೆಯ ಕೆಳಗೆ ತಕ್ಕಡಿಯಂತೆ ಜೋಡಿಸಿದ ಎರಡು ಪುಟ್ಟ ಬಟ್ಟಲುಗಳು. ಒಂದು ತುಂಬಿದೊಡನೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯಡಿ ಬಂದು ನಿಲ್ಲುತ್ತದೆ. ಒಂದೊಂದು ಮಗುಚಿಗೂ ಅಯಸ್ಕಾಂತವೊಂದು ಸ್ವಿಚ್ಚನ್ನು ತಟ್ಟಿ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಒಂದು ಎಣಿಕೆ ಎಂದು ದಾಖಲಿಸುತ್ತದೆ.

ಇದನ್ನು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬಾಯಗಲ. 200 ಮಿಲಿಮೀಟರ್ ಅಗಲದ ಬಾಯಿಗೆ 314 ಚದರ ಸೆಂಟಿಮೀಟರು ವಿಸ್ತೀರ್ಣ. 100 ಮಿಲಿಮೀಟರಿನ ಆಟಿಕೆಯಂಥ ಬಾಯಿಗೆ ಅದರ ಕಾಲುಭಾಗ ಮಾತ್ರ. ಬಾಯಿ ಕಿರಿದಾದಷ್ಟೂ ಒಂದು ಹನಿಯ ತಪ್ಪು ಹಿರಿದಾಗುತ್ತದೆ.

ಎರಡನೆಯದು ಬಟ್ಟಲಿನ ಅಳತೆ. 0.2, 0.25, 0.5 ಮಿಲಿಮೀಟರಿನವು ದೊರೆಯುತ್ತವೆ. 0.5ರ ಬಟ್ಟಲು ಆಷಾಢದ ಸೋನೆಯಲ್ಲಿ ಅರ್ಧ ತುಂಬಿ, ಬಿಸಿಲು ಬಂದೊಡನೆ ಒಣಗಿ, ‘ಮಳೆಯೇ ಇಲ್ಲ’ ಎಂದು ಸಾಕ್ಷಿ ನುಡಿಯುತ್ತದೆ. 0.2ರದು ಆ ಸೋನೆಯನ್ನು ಹಿಡಿಯುತ್ತದೆ. ಆದರೆ ಮೇ ತಿಂಗಳ ಬಿರುಮಳೆಯಲ್ಲಿ ಬಿಡುವಿಲ್ಲದೆ ಮಗುಚುತ್ತ, ಮಗುಚುವ ಆ ಕ್ಷಣದಲ್ಲಿ ಬಿದ್ದ ನೀರನ್ನು ಎಣಿಸದೆ ಬಿಡುತ್ತದೆ. ಎರಡೂ ಮಳೆ ಬರುವ ಈ ನಾಲ್ಕು ತಾಲ್ಲೂಕುಗಳಿಗೆ 0.2 ಅಥವಾ 0.25ರ ಬಟ್ಟಲನ್ನು ತಂದು, ಅದರ ಪಕ್ಕದಲ್ಲೇ ಒಂದು ಸಾದಾ ಮಾಪಕವನ್ನೂ ನೆಡುವುದು ಮೇಲು. ಕಾಲವನ್ನು ಯಂತ್ರ ಹೇಳಲಿ, ಮೊತ್ತವನ್ನು ಸೀಸೆ ಹೇಳಲಿ.

ಮೂರನೆಯದು ನೆನಪು. ಸಿಮ್ ಕಾರ್ಡಿನ ಮೂಲಕ ಫೋನಿಗೆ ಲೆಕ್ಕ ಕಳಿಸುವ ಮಾಪಕಗಳು ಆಕರ್ಷಕವಾಗಿವೆ. ಆದರೆ ನಾಗರಹೊಳೆ, ಬಂಡೀಪುರಗಳ ಕಾಡಂಚಿನಲ್ಲಿ ಸಿಗ್ನಲ್ ದುರ್ಬಲವಾಗಿರುವ ಹೊಲಗಳಿಗೆ, ಲೆಕ್ಕವನ್ನು ತನ್ನೊಳಗೇ ಉಳಿಸಿಕೊಳ್ಳುವ ‘ಡೇಟಾ ಲಾಗರ್’ ಇರಲೇಬೇಕು. ಕಳಿಸಲಾಗದುದನ್ನು ಮರೆತುಬಿಡುವ ಯಂತ್ರ ನಮಗೆ ಬೇಡ. ದಿನದ ಲೆಕ್ಕ ಮಧ್ಯರಾತ್ರಿಗೆ ಮುಗಿಯುತ್ತದೆಯೋ ಬೆಳಗಿನ ಎಂಟೂವರೆಗೋ ಎಂಬುದನ್ನೂ ಕೇಳಿ ತಿಳಿಯಬೇಕು. ಇಲ್ಲವಾದರೆ ಸರ್ಕಾರದ ಅಂಕಿಗೂ ನಮ್ಮದಕ್ಕೂ ಎಂದೂ ತಾಳೆಯಾಗದು.

ಹನಿಗಳ ಬಡಿತವನ್ನೇ ಎಣಿಸುವ, ಚಲಿಸುವ ಭಾಗಗಳೇ ಇಲ್ಲದ ಹೊಸ ಮಾಪಕಗಳೂ ಬಂದಿವೆ. ಕಸ ಕಟ್ಟುವ ಕಾಟ ಅವಕ್ಕಿಲ್ಲ. ಆದರೆ ಹನಿಯ ಗಾತ್ರವನ್ನು ಅವು ಊಹಿಸಬೇಕು. ಅವುಗಳನ್ನು ಮಳೆ ಬಂತೆಂಬ ಸುದ್ದಿಗೆ ನಂಬಬಹುದು. ಮಳೆಯ ಮೊತ್ತಕ್ಕೆ ಅಷ್ಟಾಗಿ ಅಲ್ಲ.

ಒಳ್ಳೆಯ ಯಂತ್ರವೂ ಕೆಟ್ಟ ಜಾಗದಲ್ಲಿ ಸುಳ್ಳು ಹೇಳುತ್ತದೆ. ಮರ, ಮನೆ, ಹೊಗೆಸೊಪ್ಪು ಹದಮಾಡುವ ಬ್ಯಾರನ್ – ಯಾವುದೇ ಆಗಲಿ, ಅದರ ಎತ್ತರದ ಎರಡರಷ್ಟು ದೂರದಲ್ಲಾದರೂ ಮಾಪಕವಿರಬೇಕು. ಇಪ್ಪತ್ತಡಿ ಬ್ಯಾರನ್ನಿಗೆ ನಲವತ್ತಡಿ. ಮುಸುಕಿನ ಜೋಳದ ಸಾಲಿನ ನಡುವೆ ನೆಟ್ಟರೆ ಎರಡು ತಿಂಗಳಲ್ಲಿ ಬೆಳೆಯೇ ಗೋಡೆಯಾಗುತ್ತದೆ. ಮಾಳಿಗೆಯ ಮೇಲಿಟ್ಟರೆ ಗಾಳಿ ಹನಿಯನ್ನು ಹೊತ್ತೊಯ್ಯುತ್ತದೆ. ಬುಡ ಅಲುಗದಂತೆ, ಬಾಯಿ ಸಮಮಟ್ಟವಾಗಿರುವಂತೆ ನಿಲ್ಲಿಸಿ, ದನಕರು ಉಜ್ಜದಂತೆ ಬೇಲಿ ಕಟ್ಟಬೇಕು. ತರಗೆಲೆ, ಹಕ್ಕಿಯ ಹಿಕ್ಕೆ, ಜೇಡನ ಬಲೆಗಳನ್ನು ವಾರಕ್ಕೊಮ್ಮೆ ತೆಗೆಯಬೇಕು.

ಯಂತ್ರದ ಪ್ರಾಮಾಣಿಕತೆಯನ್ನು ಪರೀಕ್ಷಿಸುವ ಬಗೆಯೂ ಸುಲಭ. 200 ಮಿಲಿಮೀಟರ್ ಬಾಯಿಯ ಮಾಪಕಕ್ಕೆ 314 ಮಿಲಿಲೀಟರು ನೀರನ್ನು, ಸೂಜಿಯಿಂದ ತೂತಿಟ್ಟ ಸೀಸೆಯಿಂದ, ಅರ್ಧ ಗಂಟೆ ತೊಟ್ಟಿಕ್ಕಿಸಿ. ಅದು ಹತ್ತು ಮಿಲಿಮೀಟರ್ ಮಳೆಗೆ ಸಮ. 0.2ರ ಬಟ್ಟಲು ಐವತ್ತು ಸಲ, 0.25ರದು ನಲವತ್ತು ಸಲ ಮಗುಚಬೇಕು. ಒಂದೆರಡು ಹೆಚ್ಚುಕಡಮೆಯಾದರೆ ಚಿಂತೆಯಿಲ್ಲ. ಐದಾರು ಆದರೆ ಬಟ್ಟಲಿನ ಕೆಳಗಿನ ತಿರುಪನ್ನು ತಿದ್ದಬೇಕು. ವರ್ಷಕ್ಕೊಮ್ಮೆ, ಯುಗಾದಿ ಕಳೆದು ಮೊದಲ ಮಳೆ ಬೀಳುವ ಮುನ್ನ, ಇದನ್ನು ಮಾಡಿದರೆ ಸಾಕು.

ಇನ್ನೊಂದು ಮಾತು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆಯು ಗ್ರಾಮ ಪಂಚಾಯಿತಿಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿದೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಪಡೆಯುವ ವ್ಯವಸ್ಥೆ ಅದು. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಗೊತ್ತುಪಡಿಸಿದ ಮಾಪಕದ ಅಂಕಿಯಿಂದ, ನಮ್ಮ ಹೊಲದ ಮಾಪಕದಿಂದಲ್ಲ. ವಿಮೆಯ ಆಸೆಯಿಂದ ಯಂತ್ರ ಕೊಳ್ಳುವವರು ಇದನ್ನು ತಿಳಿದಿರಬೇಕು. ಪಂಚಾಯಿತಿಯ ಮಾಪಕ ಸರ್ಕಾರಕ್ಕೆ ಉತ್ತರ ಹೇಳುತ್ತದೆ. ಹೊಲದ ಮಾಪಕ ಒಡೆಯನಿಗೆ. ನಾಳೆ ಗೊಬ್ಬರ ಹಾಕಲೆ, ಪಂಪು ಚಾಲೂ ಮಾಡಲೆ, ಔಷಧಿ ಸಿಂಪಡಿಸಲೆ ಎಂಬ ಪ್ರಶ್ನೆಗಳಿಗೆ ಮೂರು ಮೈಲಿ ಆಚೆಯ ಅಂಕಿ ಸಾಲದು.

ತಮ್ಮನ ಮಗನಿಗೆ ನಾನು ಇಷ್ಟನ್ನೂ ಹೇಳಿ, ಯಂತ್ರದ ಜೊತೆಗೆ ಒಂದು ನೋಟುಬುಕ್ಕನ್ನೂ ತರಲು ತಿಳಿಸಿದೆ. ಅದರಲ್ಲಿ ಒಂದು ಕಡೆ ತಾರೀಖು, ಮಿಲಿಮೀಟರು, ಮಳೆ ಬಿದ್ದ ಹೊತ್ತು. ಇನ್ನೊಂದು ಕಡೆ ನಕ್ಷತ್ರ, ಮಣ್ಣಿನ ಹದ, ಆ ದಿನ ಹೊಲದಲ್ಲಿ ಮಾಡಿದ ಕೆಲಸ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ; ಕೊನೆಯಲ್ಲಿ ಒಟ್ಟು ಕೂಡಿಸಿದರಾಯಿತು. ಐದು ವರ್ಷ ಹೀಗೆ ಬರೆದರೆ, ತನ್ನ ಕೆಮ್ಮಣ್ಣಿಗೆ ಎಷ್ಟು ಮಿಲಿಮೀಟರಿಗೆ ಹದ ಬರುತ್ತದೆ ಎಂಬುದು ಅವನಿಗೆ ತಿಳಿದಿರುತ್ತದೆ. ಆ ಅಂಕಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ, ಯಾವ ಇಲಾಖೆಯೂ ಪ್ರಕಟಿಸುವುದಿಲ್ಲ. ಹಿರಿಯರ ಬೆರಳಿಗೆ ಗೊತ್ತಿದ್ದುದು ಹಾಗೆ ಮೊದಲ ಬಾರಿಗೆ ಕಾಗದಕ್ಕೆ ಇಳಿಯುತ್ತದೆ.